ಹತ್ತೊಂಬತ್ತು ಸೆಕೆಂಡಿನ ಬಾಗಿಲು

ಅವಳ ಕಣ್ಣಿಗೆ ಅವನು ಮೊದಲು ಬಿದ್ದದ್ದು ಮನುಷ್ಯನಾಗಿ ಅಲ್ಲ, ಮೂವತ್ತೆರಡು ಎಂಬ ಸಂಖ್ಯೆಯಾಗಿ.

ಏಳು ಮಹಡಿಯ ಆ ವಿಮಾ ಕಚೇರಿಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ಅವಳದು ಒಂದೇ ಕೆಲಸ. ಮೆಟ್ಟಿಲಿನ ಮೊದಲ ತಿರುವಿನಲ್ಲಿ ಪುಟ್ಟ ಮೇಜು ಹಾಕಿಕೊಂಡು, ಎಡಗೈಯಲ್ಲಿ ಉಕ್ಕಿನ ಎಣಿಕೆ ಯಂತ್ರ ಹಿಡಿದು ಕೂರುವುದು. ಯಾರಾದರೂ ಹತ್ತಿ ಬಂದರೆ ಹೆಬ್ಬೆರಳು ಒತ್ತುವುದು. ಟಿಕ್ ಎಂದು ಒಂದು ಅಂಕಿ ಮುಂದಕ್ಕೆ. ಕೆಳಗೆ ಲಿಫ್ಟಿನ ಎದುರಿಗೇ ಕೂರಬಹುದಿತ್ತು. ಆದರೆ ಹಾಗೆ ಕೂತರೆ ಜನ ತನ್ನ ಮುಖ ನೋಡಿ ಸಂಕೋಚಕ್ಕೆ ಮೆಟ್ಟಿಲು ಹತ್ತುತ್ತಾರೆ, ಆ ಲೆಕ್ಕ ಶುದ್ಧವಲ್ಲ ಎಂದು ಲಿಫ್ಟ್ ಕಾಣದ ಮೂಲೆಯನ್ನೇ ಆರಿಸಿಕೊಂಡಿದ್ದಳು. ಅಷ್ಟು ಜೋಪಾನದ ಹುಡುಗಿ. ಮುಂದೆ ಅವಳಿಗೆ ಮುಳುವಾದದ್ದೂ ಆ ಜೋಪಾನವೇ.

ಅವನು ಆ ಕಟ್ಟಡದ ಲಿಫ್ಟ್ ನೋಡಿಕೊಳ್ಳುವವನು. ಆ ಬೆಳಿಗ್ಗೆ ಹನ್ನೊಂದು ಮೆಟ್ಟಿಲು ಹತ್ತಿ ಬಂದು, ಅವಳ ತಲೆಯ ಮೇಲಿದ್ದ ಸ್ವಿಚ್ ಪೆಟ್ಟಿಗೆಯ ಮುಚ್ಚಳ ತೆಗೆದು, ಫ್ಯೂಸ್ ಬದಲಿಸಿ ಇಳಿದು ಹೋದ. ಬೆನ್ನ ಹಿಂದೆ ಟಿಕ್ ಸದ್ದು ಕೇಳಿತ್ತು. ಕೆಳಗೆ ಹೋದವನು ಅರೆಗಳಿಗೆ ನಿಂತು, ಮತ್ತೆ ಹತ್ತಿ ಬಂದ.

“ಮೇಡಂ, ನನ್ನನ್ನ ಲೆಕ್ಕಕ್ಕೆ ಹಿಡೀಬೇಡಿ. ನಾನು ಹತ್ತಿದ್ದು ಫ್ಯೂಸ್‌ಗೋಸ್ಕರ. ಮೇಲಕ್ಕೆ ಲಿಫ್ಟಲ್ಲೇ ಹೋಗೋನು.”

ಅವಳು ತಲೆಯೆತ್ತಿ ನೋಡಿದಳು. ಸುಳ್ಳು ಹೇಳಿ ಹೊಗಳಿಸಿಕೊಳ್ಳಲು ಬಂದವರನ್ನು ಕಂಡಿದ್ದಳು. ಇರುವ ಒಂದು ಅಂಕವನ್ನೂ ಕಳೆಯಿರಿ ಎಂದು ಹತ್ತಿ ಬಂದವನು ಇವನೇ ಮೊದಲು. ಎಣಿಕೆ ಯಂತ್ರ ಹಿಂದಕ್ಕೆ ಹೋಗುವುದಿಲ್ಲ ಎಂದು ಹೇಳಿ, ನೋಟ್‌ಪುಸ್ತಕ ತೆರೆದು, ಮೂವತ್ತೆರಡರ ಮೇಲೆ ಅಚ್ಚುಕಟ್ಟಾಗಿ ಗೆರೆ ಎಳೆದು ಮೂವತ್ತೊಂದು ಎಂದು ಬರೆದಳು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿದಳು: ಲಿಫ್ಟ್‌ನವರು, ಫ್ಯೂಸ್ ನಿಮಿತ್ತ.

“ಇಷ್ಟಕ್ಕೆಲ್ಲ ಬರೀಬೇಕಾ?” ಎಂದು ಕೇಳಿದ ಅವನು.

“ಕಾರಣ ಬರೀದೆ ಸಂಖ್ಯೆ ತಿದ್ದಬಾರದು” ಎಂದಳು, ಪೆನ್ನಿನ ಮುಚ್ಚಳ ಹಾಕುತ್ತ.

ಅವನಿಗೆ ನಗು ಬಂತು. ಕೆಳಗೆ ಬಂದ ಮೇಲೆ ನಗು ಹೋಯಿತು. ಆ ಪೆನ್ನಿನ ಮುಚ್ಚಳ ಹಾಕಿದ ರೀತಿ ಮಾತ್ರ ಸಂಜೆಯವರೆಗೂ ಕಣ್ಣಿಗೆ ಕಟ್ಟಿಕೊಂಡಿತ್ತು.

ಅವಳನ್ನು ಕಚೇರಿಯವರು ಕರೆಯುತ್ತಿದ್ದದ್ದು ತೂಕದ ಮೇಡಂ ಎಂದು. ನಾನೂರ ಹನ್ನೆರಡು ಜನ ಕೂತು ಕೆಲಸ ಮಾಡುವ ಕಚೇರಿ. ವರ್ಷದಿಂದ ವರ್ಷಕ್ಕೆ ಸಿಬ್ಬಂದಿಯ ಸೊಂಟದ ಸುತ್ತಳತೆ ಹಿಗ್ಗುತ್ತಿದೆ ಎಂದು ಮೇಲಿನವರಿಗೆ ಚಿಂತೆ ಹತ್ತಿ, ಆರು ತಿಂಗಳ ಕರಾರಿನ ಮೇಲೆ ಅವಳನ್ನು ನೇಮಿಸಿದ್ದರು. ಮೂರನೆಯ ಮಹಡಿಯಲ್ಲಿ ಅವಳಿಗೊಂದು ಕೋಣೆ. ಅದರಲ್ಲಿ ಒಂದು ತೂಕದ ಯಂತ್ರ, ಒಂದು ಅಳತೆ ಟೇಪು, ರಕ್ತದೊತ್ತಡದ ಯಂತ್ರ, ಗೋಡೆಗೆ ಒಂದು ದೊಡ್ಡ ನಕ್ಷೆ. ಸೇರಿದ ದಿನದಿಂದ ಅವಳು ಲಿಫ್ಟಿಗೆ ಕಾಲಿಟ್ಟಿರಲಿಲ್ಲ. ಇತರರಿಗೆ ಹೇಳುವುದನ್ನು ತಾನು ಮೊದಲು ಮಾಡಬೇಕೆಂಬುದು ಅವಳ ನೇಮ.

ತಿಂಗಳ ಮೊದಲ ಸೋಮವಾರ ತೂಕದ ದಿನ. ಅವನಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಅವನು ಕಂಪನಿಯ ಸಿಬ್ಬಂದಿಯೂ ಅಲ್ಲ. ಆದರೂ ತಲೆ ಬಾಚಿಕೊಂಡು, ಗ್ರೀಸು ತಾಗದ ಅಂಗಿ ತೊಟ್ಟು ಸಾಲಿನಲ್ಲಿ ನಿಂತ. ತೊಂಬತ್ತೊಂದು ಕಿಲೋ ತೋರಿಸಿತು ಯಂತ್ರ. ಇದು ಸರಿಯಾಗಿದೆಯಾ ಎಂದು ಅವನು ಬಗ್ಗಿ ನೋಡಿದ. ಯಂತ್ರ ಹೋದ ವಾರವೇ ಪರೀಕ್ಷೆಯಾಗಿದೆ, ಬೇಕಾದರೆ ಪ್ರಮಾಣಪತ್ರ ತೋರಿಸುತ್ತೇನೆ ಎಂದಳು ಅವಳು, ತುಟಿಯ ಒಂದು ಮೂಲೆ ಮಾತ್ರ ಅಲುಗುವಂತೆ.

ಆಮೇಲೆ ಪ್ರಶ್ನೆಗಳು. ದಿನಕ್ಕೆ ಎಷ್ಟು ಮಹಡಿ ಹತ್ತುತ್ತೀರಿ ಎಂದು ಕೇಳಿದಳು.

“ನೂರರ ಮೇಲೆ.”

ಪೆನ್ನು ನಿಂತಿತು.

“ಲಿಫ್ಟಲ್ಲಿ” ಎಂದು ಅವನು ಸೇರಿಸಿದ.

“ಊಟ ಎಲ್ಲಿ?”

“ಮೇಲೆ, ಮೆಷಿನ್ ರೂಮಲ್ಲಿ. ಫೋನ್ ನೋಡ್ಕೊಂಡು.”

“ಏನು ತಿಂದ್ರಿ ಅಂತ ಆಮೇಲೆ ನೆನಪಿರುತ್ತಾ?”

“ಡಬ್ಬಿ ಖಾಲಿ ಆಗಿರೋದು ನೆನಪಿರುತ್ತೆ.”

ಈ ಸಲ ತುಟಿಯ ಎರಡೂ ಮೂಲೆ ಅಲುಗಿದವು. ಅವನಿಗೆ ತೊಂಬತ್ತೊಂದು ಕಿಲೋ ತೂಕವೂ ಹೂವಿನಷ್ಟು ಹಗುರವೆನಿಸಿತು.

ಅವಳು ಬಯ್ಯಲಿಲ್ಲ. ಅದೇ ಅವನಿಗೆ ಸೋಜಿಗ. ದಿನಕ್ಕೆ ಆರು ಸಲ ಮೂರು ಮೂರು ಚಮಚ ಸಕ್ಕರೆಯ ಚಹಾ, ಸಂಜೆ ನಾಲ್ಕಕ್ಕೊಂದು ಸಿಹಿ ಸೋಡಾ, ರಾತ್ರಿ ಫೋನ್ ಹಿಡಿದು ಅರ್ಧ ನಿದ್ದೆ ಎಂದು ಅವನು ಒಪ್ಪಿಸಿದ ತಪ್ಪೊಪ್ಪಿಗೆಯನ್ನೆಲ್ಲ ಬರೆದುಕೊಂಡು, ನಿಮ್ಮದೊಬ್ಬರದೇ ತಪ್ಪಲ್ಲ ಎಂದಳು. ಯಾರೂ ಹೊಟ್ಟೆಬಾಕತನದಿಂದ ಮಾತ್ರ ದಪ್ಪಗಾಗುವುದಿಲ್ಲ, ಕೆಲಸಗಳೆಲ್ಲ ಕುರ್ಚಿಗೆ ಬಂದು ಕೂತಿವೆ, ತಟ್ಟೆಗಳು ಅಗಲವಾಗಿವೆ, ಸಕ್ಕರೆ ಕುಡಿಯುವ ನೀರಿನ ವೇಷ ಹಾಕಿಕೊಂಡು ಬರುತ್ತಿದೆ, ನಿದ್ದೆಗೆಟ್ಟ ದೇಹ ಮಾರನೆಯ ದಿನ ಸಿಹಿಯನ್ನೇ ಕೇಳುತ್ತದೆ; ಕೆಲವರಿಗೆ ಮನೆತನದಿಂದಲೂ ಬರುತ್ತದೆ, ಕೆಲವರಿಗೆ ಔಷಧದಿಂದಲೂ. ಒಂದೇ ಸಲಕ್ಕೆ ಎಲ್ಲ ಬಿಡಲು ಹೋದವರು ಎರಡೇ ವಾರಕ್ಕೆ ಎಲ್ಲ ಹಿಡಿದುಕೊಳ್ಳುತ್ತಾರೆ. ತಿಂಗಳಿಗೆ ಒಂದು ಬದಲಾವಣೆ ಸಾಕು. ಮೊದಲು ಸೋಡಾ.

“ನಮ್ಮಪ್ಪ ಮೂವತ್ತು ವರ್ಷ ಟಿಕೆಟ್ ಕೌಂಟರಲ್ಲಿ ಕೂತಿದ್ರು” ಎಂದಳು, ಟೇಪು ಸುತ್ತಿಡುತ್ತ. “ಸಕ್ಕರೆ ಕಾಯಿಲೆ ಬಂತು, ಮಂಡಿ ಹೋಯ್ತು. ನಡೀರಿ ಅಂತ ಹೇಳೋರು ನೂರು ಜನ ಇದ್ರು. ಎದ್ದು ನಡೆಯೋಕೆ ಅವರಿಗೊಂದು ಕಾರಣ ಕೊಟ್ಟೋರು ಯಾರೂ ಇರ್ಲಿಲ್ಲ.”

ಅವನು ಅಂದೇ ಸೋಡಾ ಬಿಟ್ಟ. ಮುಂದಿನ ತಿಂಗಳಿಗೆ ಕಾಯದೆ ಚಹಾದ ಒಂದು ಚಮಚವನ್ನೂ ಬಿಟ್ಟ. ಫೋನನ್ನು ಸ್ಪ್ಯಾನರ್ ಪೆಟ್ಟಿಗೆಯಲ್ಲಿಟ್ಟು ಊಟ ಮಾಡಿದ. ಅಕ್ಕ ಕಟ್ಟಿಕೊಟ್ಟ ಪಲ್ಯಕ್ಕೆ ಇಷ್ಟು ರುಚಿಯಿತ್ತೇ ಎಂದು ಆಶ್ಚರ್ಯಪಟ್ಟ. ಮನೆಯಲ್ಲಿ ಅಕ್ಕನಿಗೂ ಆಶ್ಚರ್ಯ. ಚಿಕ್ಕಂದಿನಿಂದ ಅವನನ್ನು ಗುಂಡ ಎಂದೇ ಕರೆದು ರೂಢಿಯಾಗಿದ್ದ ಅವಳು, ಎರಡನೆಯ ಸಲ ಬಡಿಸಲು ಸೌಟು ಎತ್ತಿದಾಗ ತಮ್ಮ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದದ್ದನ್ನು ಕಂಡು ಸೌಟನ್ನು ಪಾತ್ರೆಗೇ ಬಿಟ್ಟಳು. ಯಾರೋ ಅವಳು ಎಂದು ಕೇಳಿದಳು. ಯಾವಳೂ ಇಲ್ಲ ಎಂದ. ಹಾಗಾದರೆ ಜ್ವರ ಇರಬೇಕು ಎಂದು ಹಣೆ ಮುಟ್ಟಿ ನೋಡಿ ನಕ್ಕಳು.

ಮಧ್ಯಾಹ್ನ ಊಟವಾದ ಮೇಲೆ ಹತ್ತು ನಿಮಿಷ ನಡೆಯಿರಿ ಎಂಬುದು ಅವಳ ಇನ್ನೊಂದು ಸಲಹೆ. ನಾನೂರ ಹನ್ನೆರಡು ಜನರಲ್ಲಿ ಒಬ್ಬರೂ ಕೇಳಲಿಲ್ಲ, ಲೆಕ್ಕಕ್ಕಿಲ್ಲದವನು ಕೇಳಿದ. ಮೊದಲ ದಿನ ಕಟ್ಟಡದ ಹಿಂಭಾಗದಲ್ಲಿ ಅಚಾನಕ್ಕಾಗಿ ಎದುರಾದಂತೆ ಎದುರಾದ. ಎರಡನೆಯ ದಿನ ಅಚಾನಕ್ ಎಂಬುದನ್ನು ಇಬ್ಬರೂ ಕೈಬಿಟ್ಟರು. ಜನರೇಟರ್ ಕೋಣೆ, ಸ್ಕೂಟರ್ ನಿಲ್ಲಿಸುವ ತಗಡಿನ ಚಪ್ಪರ, ಕಾವಲುಗಾರನ ಮುರುಕು ಕುರ್ಚಿ, ಒಂದೇ ಒಂದು ಮರ. ನಾಲ್ಕು ಸುತ್ತಿಗೆ ಸಾವಿರದ ನೂರು ಹೆಜ್ಜೆ. ಅವಳು ಹೆಜ್ಜೆ ಎಣಿಸುತ್ತಿದ್ದಳು. ಮರದ ನೆರಳು ಅವಳ ಮುಖದ ಮೇಲೆ ಬಂದು ಹೋಗುವುದನ್ನು ಅವನು ಎಣಿಸುತ್ತಿದ್ದ. ದಿನಕ್ಕೆ ನಾಲ್ಕು ಸಲ.

ಹೀಗೆ ಎರಡು ತಿಂಗಳು ಉರುಳಿದವು. ಅವನ ಬೆಲ್ಟಿನಲ್ಲಿ ಹೊಸದೊಂದು ತೂತು ಬಿತ್ತು. ಆದರೆ ಅವಳ ನಕ್ಷೆಯಲ್ಲಿ ಗೆರೆ ಮಲಗಿಯೇ ಇತ್ತು. ಮೆಟ್ಟಿಲು ಹತ್ತುವವರು ಮೊದಲ ತಿಂಗಳು ದಿನಕ್ಕೆ ಮೂವತ್ತೊಂದು, ಎರಡನೆಯ ತಿಂಗಳು ಮೂವತ್ನಾಲ್ಕು. ಮೆಟ್ಟಿಲುಗಳ ಮೇಲೆ ಬಣ್ಣದ ಫಲಕ ಅಂಟಿಸಿದಳು. ಏಳೂ ಮಹಡಿಯಲ್ಲಿ ಉಪನ್ಯಾಸ ಕೊಟ್ಟಳು. ಜನ ಚಪ್ಪಾಳೆ ತಟ್ಟಿ, ಲಿಫ್ಟಿನಲ್ಲಿ ಇಳಿದು ಹೋಗಿ, ಕ್ಯಾಂಟೀನಿನಲ್ಲಿ ಕೇಕ್ ತಿಂದರು.

ಲಿಫ್ಟಿನೊಳಗೆ ಜನ, ಲಿಫ್ಟ್‌ನವನಿಗೆ ಕಿವಿಯೇ ಇಲ್ಲವೆಂಬಂತೆ ಮಾತಾಡುತ್ತಾರೆ. ಒಂದು ಮಂಗಳವಾರ ಅವನು ದೀಪ ಬದಲಿಸುತ್ತ ಸ್ಟೂಲಿನ ಮೇಲೆ ನಿಂತಿದ್ದಾಗ ಮ್ಯಾನೇಜರು ಯಾರಿಗೋ ಹೇಳುತ್ತಿದ್ದರು. ತೂಕದ ಮೇಡಂ ಪಾಪ ಒಳ್ಳೆಯವರೇ, ಆದರೆ ಅಂಕಿ ಏಳುತ್ತಿಲ್ಲ. ಐದನೆಯ ತಿಂಗಳ ವರದಿಯೂ ಹೀಗೇ ಇದ್ದರೆ ಕರಾರು ಮುಗಿಸಿ ಆ ಕೋಣೆಯನ್ನು ಹಳೆಯ ಕಡತಗಳಿಗೆ ಕೊಡುವುದೆಂದು ತೀರ್ಮಾನವಾಗಿದೆ. ಇಷ್ಟು ಹೇಳಿ, ಮ್ಯಾನೇಜರು ಎರಡನೆಯ ಮಹಡಿಯಲ್ಲಿ ಇಳಿದು ಹೋದರು. ಅವರು ಹತ್ತಿದ್ದು ಒಂದನೆಯ ಮಹಡಿಯಲ್ಲಿ.

ಮರುದಿನ ಬೆಳಿಗ್ಗೆ ಫ್ಯೂಸಿನ ನೆಪ ಮಾಡಿಕೊಂಡು ಅವನು ಹನ್ನೊಂದು ಮೆಟ್ಟಿಲು ಹತ್ತಿದ. ಅವಳು ಅವನನ್ನು ನೋಡಲಿಲ್ಲ. ಹೆಬ್ಬೆರಳು ಗುಂಡಿಯ ಮೇಲೆ ಕಾಯುತ್ತಿತ್ತು. ಯಾರೂ ಬರುತ್ತಿರಲಿಲ್ಲ. ಸದಾ ನೆಟ್ಟಗಿರುವ ಆ ಬೆನ್ನು ಕುರ್ಚಿಗೆ ಒರಗಿತ್ತು. ಸುದ್ದಿ ಅವಳಿಗೂ ಮುಟ್ಟಿತ್ತೆಂದು ಕೇಳದೆಯೇ ತಿಳಿಯಿತು.

ಅವನು ನೆಟ್ಟಗೆ ಮೇಲೆ ಹೋದ. ತಾರಸಿಯ ಮೆಷಿನ್ ರೂಮಿನಲ್ಲಿ ಲಿಫ್ಟಿನ ಮಿದುಳಿರುತ್ತದೆ: ಕಬ್ಬಿಣದ ಕಪಾಟು, ಅದರೊಳಗೆ ಸಾಲು ಸಾಲು ಸಣ್ಣ ಗುಂಡಿಗಳು. ಅದರಲ್ಲಿ ಒಂದು, ಬಾಗಿಲು ತೆರೆದ ಮೇಲೆ ಎಷ್ಟು ಹೊತ್ತು ತೆರೆದಿರಬೇಕು ಎನ್ನುವುದಕ್ಕೆ. ಮೊದಲು ಅದು ನಾಲ್ಕು ಸೆಕೆಂಡಿತ್ತು. ಐದನೆಯ ಮಹಡಿಯ ಹಿರಿಯ ಗುಮಾಸ್ತರ ಊರುಗೋಲು ಬಾಗಿಲಿಗೆ ಸಿಕ್ಕಿದ ಮೇಲೆ ಎಂಟು ಮಾಡಿದ್ದ. ಈಗ ಹತ್ತೊಂಬತ್ತು ಮಾಡಿದ.

ಬಾಗಿಲು ಮುಚ್ಚುವ ಗುಂಡಿ ಆ ಲಿಫ್ಟಿನಲ್ಲಿ ಮೊದಲಿನಿಂದಲೂ ಹೆಸರಿಗಷ್ಟೇ ಇತ್ತು. ಹಾಗಾಗಿ ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದು, ಆಕಳಿಸಿ, ಯೋಚಿಸಿ, ಹತ್ತೊಂಬತ್ತನೆಯ ಸೆಕೆಂಡಿಗೆ ಮುಚ್ಚತೊಡಗಿತು. ಊರುಗೋಲಿನವರಿಗೆ, ಬಸುರಿಯರಿಗೆ, ಮಂಡಿ ನೋವಿನವರಿಗೆ ತೊಂದರೆಯಿರಲಿಲ್ಲ; ಅವರಿಗೆ ಅವಸರವೂ ಇರಲಿಲ್ಲ. ಕಾಲು ಗಟ್ಟಿಯಿದ್ದು ತಾಳ್ಮೆ ಗಟ್ಟಿಯಿಲ್ಲದವರಿಗೆ ಮಾತ್ರ ಅದು ನರಕ.

ಲಿಫ್ಟಿಗೆ ಏನು ಬದಲಾವಣೆ ಮಾಡಿದರೂ ಅಲ್ಲಿ ತೂಗುಹಾಕಿದ್ದ ದಪ್ಪ ಪುಸ್ತಕದಲ್ಲಿ ಬರೆಯಬೇಕೆಂಬುದು ಅವನ ಕಸುಬಿನ ಕಟ್ಟಳೆ. ದಿನಾಂಕ, ಬದಲಾವಣೆ, ಕಾರಣ, ಪರಿಶೀಲಿಸಿದವರ ಸಹಿ ಎಂದು ನಾಲ್ಕು ಕಲಂ. ಕೊನೆಯ ಕಲಂ ಹನ್ನೊಂದು ವರ್ಷದಿಂದ ಖಾಲಿ; ಪರಿಶೀಲಿಸಲು ಅಲ್ಲಿಗೆ ಹತ್ತಿ ಬಂದವರೇ ಇಲ್ಲ. ಅವನು ದಿನಾಂಕ ಬರೆದ. ಬಾಗಿಲು, ಎಂಟರಿಂದ ಹತ್ತೊಂಬತ್ತು ಎಂದು ಬರೆದ. ಕಾರಣದ ಕಲಮಿಗೆ ಬಂದಾಗ ಗುಮಾಸ್ತರ ಊರುಗೋಲು ಎಂದು ಇನ್ನೊಮ್ಮೆ ಬರೆದುಬಿಡಬಹುದಿತ್ತು. ಪೆನ್ನು ಏಳಲಿಲ್ಲ. ಖಾಲಿ ಬಿಟ್ಟ.

ಮೊದಲ ವಾರ ಗೊಣಗಾಟ. ಇದೇನಪ್ಪಾ ನಿನ್ನ ಲಿಫ್ಟು ಎಂದು ಕೇಳಿದವರಿಗೆಲ್ಲ ಅವನು ಸತ್ಯವನ್ನೇ ಹೇಳಿದ: ಬಾಗಿಲು ನಿಧಾನ ಮಾಡಿದ್ದೇನೆ, ಮೇಲೆ ಪುಸ್ತಕದಲ್ಲಿ ಬರೆದಿದೆ, ಹೋಗಿ ನೋಡಬಹುದು. ಯಾರೂ ಹೋಗಲಿಲ್ಲ. ಎರಡನೆಯ ವಾರಕ್ಕೆ ಜನ ಬಾಯಿ ಬಿಟ್ಟು ಬೈಯುವುದನ್ನು ನಿಲ್ಲಿಸಿ ಕಾಲಿಗೆ ಕೆಲಸ ಕೊಟ್ಟರು. ಮೆಟ್ಟಿಲಿನ ತಿರುವಿನಿಂದ ಟಿಕ್, ಟಿಕ್, ಟಿಕ್ ಎಂದು ಸದ್ದು ಏಳತೊಡಗಿತು. ಹೆಂಚಿನ ಮೇಲೆ ಮೊದಲ ಮಳೆ ಬಿದ್ದ ಹಾಗೆ.

ಅರವತ್ತು. ತೊಂಬತ್ತು. ನೂರ ನಲವತ್ತು. ಐದನೆಯ ತಿಂಗಳಿಗೆ ನೂರ ಅರವತ್ತೆಂಟು.

ಹತ್ತಿ ಬಂದವರಲ್ಲಿ ಒಬ್ಬರಾದರೂ ಬಾಗಿಲಿನ ಮಾತೆತ್ತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಏದುಸಿರು ಬಿಡುತ್ತ ತಿರುವಿಗೆ ಬಂದವರಿಗೆ ಮೇಡಂ ಮುಖದ ಬೆಳಕು ಕಂಡಾಗ ಎಲ್ಲರೂ ಒಂದೇ ಮಾತು ಹೇಳಿದರು: ನಿಮ್ಮ ಉಪನ್ಯಾಸ ಕೇಳಿದ ಮೇಲೆ ಮನಸ್ಸಿಗೆ ನಾಟಿತು. ಮ್ಯಾನೇಜರೂ ಅದನ್ನೇ ಹೇಳಿದರು. ಲಿಫ್ಟ್ ಹತ್ತದ, ಲಿಫ್ಟ್ ಕಾಣದ ಅವಳಿಗೆ ನಂಬದಿರಲು ಕಾರಣವಿರಲಿಲ್ಲ.

ಆ ದಿನಗಳಲ್ಲಿ ಅವಳು ನಡೆಯುವ ಗತಿಯೇ ಬದಲಾಗಿತ್ತು. ಮರದ ಕೆಳಗೆ ಬಂದಾಗ ಹೆಜ್ಜೆ ಎಣಿಸುವುದನ್ನು ಮರೆಯುತ್ತಿದ್ದಳು.

“ಏಳುನೂರಾ ಎಷ್ಟು?” ಎಂದು ಒಮ್ಮೆ ಅವನನ್ನೇ ಕೇಳಿದಳು.

“ನಾನು ಎಣಿಸ್ತಾ ಇರ್ಲಿಲ್ಲ ಮೇಡಂ.”

“ಮತ್ತೆ ಏನು ಮಾಡ್ತಾ ಇದ್ರಿ ಇಷ್ಟು ಹೊತ್ತು?”

ಅವನು ಜನರೇಟರ್ ಕೋಣೆಯ ಬೀಗವನ್ನು ಬಹಳ ಗಮನವಿಟ್ಟು ನೋಡಿದ. ಅವಳೂ ಅದೇ ಬೀಗವನ್ನು ನೋಡಿದಳು. ಬೀಗದಲ್ಲಿ ಅಂಥ ವಿಶೇಷವೇನೂ ಇರಲಿಲ್ಲ; ಆದರೆ ಅವಳ ಕಿವಿಯ ತುದಿ ಕೆಂಪಾಗಿತ್ತು.

ಅವನ ಮನಸ್ಸು ಹಾಲು ಕುಡಿದಷ್ಟು ತಂಪಾಗಿ ಇರಬೇಕಾಗಿತ್ತು. ಇರಲಿಲ್ಲ. ಒಂದು ಗುರುವಾರ ಅವಳು ಮೂರನೆಯ ಮಹಡಿಯ ಕೋಣೆಗೆ ಅವನನ್ನು ಕರೆದು ಗೋಡೆಯ ನಕ್ಷೆ ತೋರಿಸಿದಳು. ಮಲಗಿದ್ದ ಗೆರೆ ಎದ್ದು ನಿಂತಿತ್ತು. ಸೋಮವಾರ ಮುಖ್ಯ ಕಚೇರಿಯಲ್ಲಿ ವರದಿ ಓದಬೇಕು. ಉಪನ್ಯಾಸವೂ ಫಲಕಗಳೂ ಫಲಿಸಿದವೆಂದು ಒಪ್ಪಿದರೆ ನಲವತ್ತು ಶಾಖೆಗಳಿಗೆ ಅದನ್ನೇ ಅಚ್ಚು ಹಾಕಿಸುತ್ತಾರೆ, ತನ್ನ ಕೆಲಸ ಕಾಯಂ ಆಗುತ್ತದೆ ಎಂದಳು. ಆಮೇಲೆ, ಹೇಳಲೋ ಬೇಡವೋ ಎಂಬಂತೆ, ವರದಿಯ ಮೊದಲ ಪುಟ ಅವನ ಕೈಗಿತ್ತಳು. ಅಂಕಿಗಳನ್ನು ತಾನೇ ಎಣಿಸಿದ್ದೇನೆ, ಪ್ರತಿಯೊಂದಕ್ಕೂ ತಾನೇ ಹೊಣೆ ಎಂದು ಬರೆದು ಕೆಳಗೆ ಸಹಿ ಮಾಡಿದ್ದಳು.

ಆ ಸಹಿಯ ಮೇಲೆ ಅವನ ಕಣ್ಣು ನೆಟ್ಟಿತು. ನಲವತ್ತು ಊರುಗಳಲ್ಲಿ ನಾಲ್ಕು ಸೆಕೆಂಡಿನ ಬಾಗಿಲುಗಳ ಪಕ್ಕ ಇವಳ ಫಲಕಗಳು ನೇತಾಡುತ್ತವೆ, ಯಾರೂ ಹತ್ತುವುದಿಲ್ಲ, ಎಲ್ಲರ ಬೆರಳೂ ಈ ಸಹಿಯ ಕಡೆ ತಿರುಗುತ್ತದೆ. ಕಾರಣ ಬರೆಯದೆ ಸಂಖ್ಯೆ ತಿದ್ದಬಾರದೆಂದವಳ ಸಂಖ್ಯೆಗಳನ್ನೇ ತಾನು ಕಾರಣ ಬರೆಯದೆ ತಿದ್ದಿದ್ದ.

ಅಂದು ಮನೆಯಲ್ಲಿ ಊಟ ಸೇರಲಿಲ್ಲ. ಈ ಸಲ ಅಕ್ಕ ಹಣೆ ಮುಟ್ಟಿ ನೋಡಲಿಲ್ಲ. ಎದುರಿಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು.

“ಹೇಳಿದ್ರೆ ನಿನ್ನ ಮುಖ ನೋಡಲ್ಲ ಅಂತ ಭಯನಾ?”

“ಹ್ಞೂಂ.”

“ಹೇಳ್ದೆ ಇದ್ರೆ ನೀನು ಅವಳ ಮುಖ ನೋಡ್ತೀಯೇನೋ, ಗುಂಡ?”



ಶುಕ್ರವಾರ ಮಧ್ಯಾಹ್ನ, ನಾಲ್ಕು ಸುತ್ತು ಮುಗಿದ ಮೇಲೆ, ಅವನು ಅವಳನ್ನು ಲಿಫ್ಟಿನ ಮುಂದೆ ನಿಲ್ಲಿಸಿದ. ಒಂದೇ ಒಂದು ಸಲ ಒಳಗೆ ಬನ್ನಿ, ನಿಮ್ಮ ನೇಮ ಮುರಿಯುತ್ತದೆ ಎಂದು ಗೊತ್ತು, ಆದರೂ ಬನ್ನಿ ಎಂದು ಕೇಳಿಕೊಂಡ. ಐದು ತಿಂಗಳಲ್ಲಿ ಮೊದಲ ಬಾರಿ ಅವಳು ಹೊಸ್ತಿಲು ದಾಟಿ ಒಳಗೆ ಬಂದು, ಕನ್ನಡಿಗೆ ಬೆನ್ನು ಮಾಡಿ ನಿಂತಳು. ಅವನು ಏಳರ ಗುಂಡಿ ಒತ್ತಿದ.

ಬಾಗಿಲು ಮುಚ್ಚಲಿಲ್ಲ.

ಅವರಿಬ್ಬರ ನಡುವೆ ಒಂದು ಮೊಳ ಅಂತರ. ಅವಳ ಮುಂಗುರುಳಿಗೆ ಮರದ ಒಣಗಿದ ಎಸಳೊಂದು ಅಂಟಿಕೊಂಡಿತ್ತು. ಅವಳ ಕಣ್ಣಿನಲ್ಲಿ ಒಂದು ತುಂಟ ಪ್ರಶ್ನೆ ಮಿನುಗಿತು. ಏನೋ ಹೇಳಲಿದ್ದಾನೆ, ಹೇಳಲಿ ಎಂದು ಕಾಯುವ ಕಣ್ಣು. ಐದನೆಯ ಸೆಕೆಂಡಿನಲ್ಲಿ ಅವಳು ನಕ್ಕಳು. ಒಂಬತ್ತನೆಯದರಲ್ಲಿ ನಗು ಹಾಗೇ ನಿಂತಿತು. ಅಭ್ಯಾಸಬಲದಿಂದ ಅವಳ ಹೆಬ್ಬೆರಳು ಇಲ್ಲದ ಗುಂಡಿಯನ್ನು ಒತ್ತಿ ಒತ್ತಿ ಎಣಿಸುತ್ತಿದ್ದುದನ್ನು ಅವನು ಕಂಡ. ಹದಿನಾಲ್ಕು, ಹದಿನೈದು. ಹತ್ತೊಂಬತ್ತಕ್ಕೆ ಬಾಗಿಲು ಮುಚ್ಚಿಕೊಂಡಾಗ ಅವಳ ಮುಖದಲ್ಲಿ ಯಾವ ಪ್ರಶ್ನೆಯೂ ಉಳಿದಿರಲಿಲ್ಲ.

“ಯಾವತ್ತಿಂದ?”

ಅವನು ದಿನಾಂಕ ಹೇಳಿದ. ನಕ್ಷೆಯಲ್ಲಿ ಗೆರೆ ಎದ್ದ ದಿನ ಅವಳಿಗೆ ಬಾಯಿಪಾಠವಿತ್ತು. ಲಿಫ್ಟ್ ಮಹಡಿ ಮಹಡಿ ದಾಟಿ ಏರಿತು. ಏಳನೆಯ ಮಹಡಿಯಲ್ಲಿ ಬಾಗಿಲು ತೆರೆದಾಗ ಅವಳು ಪುಸ್ತಕ ಎಲ್ಲಿದೆ ಎಂದಷ್ಟೇ ಕೇಳಿದಳು.

ಮೆಷಿನ್ ರೂಮಿನಲ್ಲಿ, ಮೋಟರಿನ ಗುಂಯ್‌ಗುಡುವಿಕೆಯ ನಡುವೆ, ಅವಳು ಹನ್ನೊಂದು ವರ್ಷದ ಪುಟಗಳನ್ನು ತಿರುವಿದಳು. ಪ್ರತಿ ಸಾಲಿಗೂ ದಿನಾಂಕ, ಪ್ರತಿ ಬದಲಾವಣೆಗೂ ಕಾರಣ, ತಿದ್ದಿದಲ್ಲೆಲ್ಲ ಒಂದೇ ಗೆರೆ. ಒಂದು ಸಾಲಿನಲ್ಲಿ ಅವಳ ಬೆರಳು ನಿಂತಿತು.

“ಇಲ್ಲಿ ಕಾರಣ ಯಾಕೆ ಖಾಲಿ?”

“ಸುಳ್ಳು ಬರೆಯೋಕೆ ಕೈ ಬರ್ಲಿಲ್ಲ. ನಿಜ ಬರೆಯೋಕೆ ಧೈರ್ಯ ಬರ್ಲಿಲ್ಲ.”

“ನೀವು ನನ್ನ ಮೇಲೆ ಕರುಣೆ ತೋರಿಸಿದ್ರಿ” ಎಂದಳು ಅವಳು. ಧ್ವನಿ ಏರಲಿಲ್ಲ, ಏರಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ. “ನನ್ನ ಹತ್ರ ಇದ್ದಿದ್ದು ಒಂದೇ. ನಾನು ಎಣಿಸಿದ್ದು ಸರಿಯಾಗಿರುತ್ತೆ ಅನ್ನೋದು. ಅದಕ್ಕೇ ಕೈ ಹಾಕಿದ್ರಿ.”

ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಅವಳು ಮೆಟ್ಟಿಲಿಳಿದು ಹೋದಳು. ಮುಂದಿನ ಎರಡು ಮಧ್ಯಾಹ್ನ ಅವನು ಒಬ್ಬನೇ ನಾಲ್ಕು ಸುತ್ತು ಹಾಕಿದ. ಬಿಡಲು ಮನಸ್ಸಾಗಲಿಲ್ಲ. ತಪ್ಪು ತನ್ನದೇ, ಮೇಡಂಗೆ ತಿಳಿದಿರಲಿಲ್ಲ ಎಂದು ಲಿಫ್ಟ್ ಕಂಪನಿಗೂ ಮ್ಯಾನೇಜರಿಗೂ ಒಂದೊಂದು ಕಾಗದ ಬರೆದುಕೊಟ್ಟ. ಲಿಫ್ಟ್ ಕಂಪನಿಯವರು ಬೈದರು. ಮ್ಯಾನೇಜರು ಕಾಗದವನ್ನು ಎರಡು ಸಲ ಓದಿ, ತಮ್ಮ ಹೊಟ್ಟೆಯ ಮೇಲೊಮ್ಮೆ ಕೈಯಾಡಿಸಿ, ಮಡಚಿಟ್ಟುಕೊಂಡರು. ಅವರೂ ನಾಲ್ಕು ಕಿಲೋ ಇಳಿದಿದ್ದರು.

ಮೂರನೆಯ ದಿನ ಅವಳೇ ಕರೆಸಿದಳು. ಮುಖ್ಯ ಕಚೇರಿಯಲ್ಲಿ ತಾನು ವರದಿ ಓದಲಿಲ್ಲ; ಅಂಕಿಗಳಲ್ಲಿ ತಪ್ಪಿದೆ, ಒಂದು ತಿಂಗಳ ಅವಕಾಶ ಕೊಡಿ ಎಂದು ಬರೆದಿದ್ದೇನೆ ಎಂದಳು. ಅವನ ಕಡೆ ನೋಡದೆ ಪುಸ್ತಕವನ್ನು ಹಿಂದಿರುಗಿಸಿ, ಒಂದು ಕಾಗದ ಮುಂದಿಟ್ಟಳು. ಒಂದು ವಾರ ಬಾಗಿಲು ಎಂಟು ಸೆಕೆಂಡು, ಮುಂದಿನ ವಾರ ಹತ್ತೊಂಬತ್ತು, ಮತ್ತೆ ಎಂಟು, ಮತ್ತೆ ಹತ್ತೊಂಬತ್ತು. ಬದಲಾಯಿಸುವುದು ಅವನ ಕೆಲಸ, ಎಣಿಸುವುದು ಅವಳ ಕೆಲಸ.

“ಈ ಸಲ ಪ್ರತಿ ಸಾಲಿಗೂ ಕಾರಣ ಬರೀರಿ” ಎಂದಳು. “ಪರೀಕ್ಷೆ ನಿಮಿತ್ತ ಅಂತ.”

ಅವನು ಬರೆದ. ತಿಂಗಳು ಪೂರ್ತಿ ಬೆಳಿಗ್ಗೆ ಎಂಟೂವರೆಗೆ ಬಂದು, ಗಡಿಯಾರ ಹಿಡಿದು ಬಾಗಿಲನ್ನು ಮೂರು ಸಲ ಅಳೆದು, ಮೊದಲ ತಿರುವಿನ ಮೇಜಿನ ಮೇಲೆ ಚೀಟಿ ಇಟ್ಟು ಹೋದ. ಮೊದಲ ವಾರ ಅವಳು ಚೀಟಿಯನ್ನಷ್ಟೇ ತೆಗೆದುಕೊಂಡಳು. ಎರಡನೆಯ ವಾರ ಸರಿ ಎಂದಳು. ಮೂರನೆಯ ವಾರದ ಒಂದು ಬೆಳಿಗ್ಗೆ ಚೀಟಿಯಲ್ಲಿ ಅವನು ಎಂಟು ಬಿಂದು ಎರಡು ಸೆಕೆಂಡು ಎಂದು ಬರೆದದ್ದನ್ನು ನೋಡಿ, ಆ ಬಿಂದು ಎರಡು ಎಲ್ಲಿಂದ ಬಂತು ಎಂದು ಕೇಳಿದಳು. ಬಾಗಿಲಿನ ಸಂದಿಯಲ್ಲಿ ಕಾಗದದ ಚೂರು ಸಿಕ್ಕಿತ್ತು, ತೆಗೆದೆ ಎಂದ. ತುಟಿಯ ಒಂದು ಮೂಲೆ ಅಲುಗಿತು. ಅವನು ಕೆಳಗಿಳಿಯುವಾಗ ಬೆನ್ನ ಹಿಂದೆ ಟಿಕ್ ಎಂದಿತು, ಅವಳೇ ಸೇರಿಸಿದಳು: “ತಪ್ಪಿ ಒತ್ತಿಬಿಟ್ಟೆ. ಕಳೀತೀನಿ.”

ಅಂಕಿಗಳು ತಮ್ಮ ಮಾತನ್ನು ತಾವೇ ಹೇಳಿದವು. ಹತ್ತೊಂಬತ್ತಿನ ವಾರಗಳಲ್ಲಿ ನೂರ ಅರವತ್ತರ ಆಸುಪಾಸು. ಎಂಟಕ್ಕೆ ಇಳಿಸಿದಾಗ ಕುಸಿದವು. ಆದರೆ ಮೂವತ್ನಾಲ್ಕಕ್ಕಲ್ಲ, ತೊಂಬತ್ತೇಳಕ್ಕೆ. ಬಾಗಿಲು ಚುರುಕಾದರೂ ಲಿಫ್ಟಿನ ಕಡೆ ತಿರುಗದ ಅರವತ್ತಕ್ಕೂ ಹೆಚ್ಚು ಜನ ಉಳಿದಿದ್ದರು. ಅವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಕೇಳಿದಳು. ಈಗ ಅಭ್ಯಾಸವಾಗಿಬಿಟ್ಟಿದೆ, ಹತ್ತದಿದ್ದರೆ ಏನೋ ಕಳೆದುಕೊಂಡ ಹಾಗಿರುತ್ತದೆ ಎಂದರು. ಉಪನ್ಯಾಸದ ನೆನಪು ಇಬ್ಬರಿಗಿತ್ತು.

ಅದನ್ನೇ ಬರೆದಳು. ಹೇಳಿದ್ದರಿಂದ ಜನ ಹತ್ತಲಿಲ್ಲ, ಕೂತಲ್ಲೇ ಸಿಗುತ್ತಿದ್ದ ಸುಲಭ ಒಂದಿಷ್ಟು ಕಷ್ಟವಾದದ್ದರಿಂದ ಹತ್ತಿದರು. ಹತ್ತಿ ಹತ್ತಿ ರೂಢಿಯಾದದ್ದರಿಂದ ಉಳಿದರು. ನಮ್ಮನ್ನು ದಪ್ಪ ಮಾಡಿದ್ದೂ ಇಂಥ ಸಣ್ಣ ಸಣ್ಣ ಸುಲಭಗಳೇ, ಒಂದೊಂದೂ ನಾಲ್ಕು ಸೆಕೆಂಡಿನವು ಎಂದು ಕೊನೆಯ ಪುಟದಲ್ಲಿ ಸೇರಿಸಿದಳು. ತನ್ನ ಫಲಕಗಳು ಸೋತವೆಂದು ತನ್ನ ಕೈಯಾರೆ ಬರೆದು ಸಹಿ ಮಾಡಿದಳು.

ಮುಖ್ಯ ಕಚೇರಿಯಿಂದ ಅವಳು ಮರಳಿ ಬಂದದ್ದು ಒಂದು ಬುಧವಾರ. ಅವನು ಮೆಷಿನ್ ರೂಮಿನಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದ. ಬಾಗಿಲಲ್ಲಿ ನೆರಳು ಕಂಡು ತಲೆಯೆತ್ತಿದ. ಏಳು ಮಹಡಿ ಹತ್ತಿ ಬಂದ ಉಸಿರು ಅವಳ ಎದೆಯಲ್ಲಿ ಆಡುತ್ತಿತ್ತು. ಕಂಕುಳಲ್ಲಿ, ಮುಖ್ಯ ಕಚೇರಿಗೆ ತೋರಿಸಲು ಒಯ್ದಿದ್ದ ಅವನ ಪುಸ್ತಕ.

ಮೊದಲು ಯಾರೋ ನಕ್ಕರು, ಆಮೇಲೆ ನಿರ್ದೇಶಕರು ಫಲಕ ಅಚ್ಚು ಹಾಕಿಸುವುದನ್ನು ಕೈಬಿಟ್ಟು ಬಾಗಿಲು ನಿಧಾನ ಮಾಡಲು ಎಷ್ಟು ಖರ್ಚು ಎಂದು ಕೇಳಿದರು ಎಂದಳು. ಏನೂ ಇಲ್ಲ, ಒಂದು ಸ್ಕ್ರೂಡ್ರೈವರ್ ಸಾಕು ಎಂದಳಂತೆ. ಕೆಲಸ ಕಾಯಂ ಆಗಲಿಲ್ಲ. ಇನ್ನೂ ಮೂರು ಕಟ್ಟಡಗಳಲ್ಲಿ ಪರೀಕ್ಷೆ ಮಾಡಲು ಒಂದು ವರ್ಷದ ಅವಧಿ ಸಿಕ್ಕಿತು. ಬಾಗಿಲು ತಿದ್ದಲು ಜೊತೆಗೊಬ್ಬರು ಲಿಫ್ಟ್‌ನವರು ಬೇಕೆಂದು ಅವಳೇ ಬರೆದುಕೊಟ್ಟಿದ್ದಳು.

ಇಷ್ಟು ಹೇಳಿ ಅವಳು ಪುಸ್ತಕವನ್ನು ತೆರೆದು ಅವನ ಮುಂದಿಟ್ಟಳು. ಬೆರಳು ಆ ಹಳೆಯ ಸಾಲಿನ ಮೇಲಿತ್ತು.

“ಇದು ಇನ್ನೂ ಖಾಲಿ ಇದೆ. ವರದಿ ಜೊತೆ ಇಡೋಕೆ ಈ ಪುಟಾನೂ ಕೇಳಿದ್ದಾರೆ. ಬರೀರಿ.”

“ಎಲ್ಲರೂ ಓದ್ತಾರೆ ಮೇಡಂ.”

“ಓದ್ಲಿ. ನಿಜ ತಾನೇ?”

ಅವನು ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡ. ಕಲಂ ಕಿರಿದು, ಮನಸ್ಸಿನಲ್ಲಿದ್ದುದಕ್ಕೆ ಹತ್ತು ಪುಟ ಬೇಕಿತ್ತು. ಆದರೂ ಅಷ್ಟರಲ್ಲೇ ಹಿಡಿಸಿ, ದುಂಡಗೆ ಬರೆದ:

ಮೊದಲ ತಿರುವಿನಲ್ಲಿ ಕೂತವರ ಮುಖ ಬಾಡಿತ್ತು. ನನಗೆ ತಡೆಯಲಾಗಲಿಲ್ಲ.

ಅವಳು ಓದಿದಳು. ಎರಡನೆಯ ಸಲ ಓದಿದಳು. ಅವಳ ಕಿವಿಯ ತುದಿಗೆ ನಿಧಾನವಾಗಿ ಕೆಂಪೇರಿದ್ದನ್ನು ಅವನು ನೋಡಿದ.

“ಕರುಣೆ ಅಲ್ವಾ ಹಾಗಾದ್ರೆ?” ಎಂದಳು, ಕಣ್ಣು ಪುಸ್ತಕದಲ್ಲೇ ಇಟ್ಟು.

“ಕರುಣೆ ಆಗಿದ್ರೆ ಊರುಗೋಲು ಅಂತ ಬರೆದು ಮುಗಿಸ್ತಿದ್ದೆ. ಇಷ್ಟ, ಮೇಡಂ. ನೀವು ಮೂವತ್ತೆರಡನ್ನ ಮೂವತ್ತೊಂದು ಮಾಡಿದ ದಿನದಿಂದ.”

ಮೋಟರು ಗುಂಯ್ ಎಂದು ತಿರುಗಿ ನಿಂತಿತು. ಅವಳು ಅವನ ಕೈಯಿಂದ ಪೆನ್ನು ತೆಗೆದುಕೊಂಡು, ಹನ್ನೊಂದು ವರ್ಷದಿಂದ ಯಾರೂ ಮುಟ್ಟದ ಕೊನೆಯ ಕಲಮಿನಲ್ಲಿ, ಪರಿಶೀಲಿಸಿದವರ ಸಹಿ ಎಂಬಲ್ಲಿ, ತನ್ನ ಸಹಿ ಹಾಕಿದಳು. ಅದರ ಪಕ್ಕ ಸಣ್ಣ ಅಕ್ಷರದಲ್ಲಿ ಬರೆದಳು: ಕಾರಣ ಒಪ್ಪಿದೆ.

ಪೆನ್ನಿನ ಮುಚ್ಚಳವನ್ನು ಅದೇ ಹಳೆಯ ರೀತಿಯಲ್ಲಿ ಹಾಕಿ ಅವನಿಗೆ ಕೊಟ್ಟಳು. ಕೊಡುವಾಗ ಬೆರಳು ತಾಗಿತು. ತೆಗೆಯುವ ಅವಸರ ಇಬ್ಬರಿಗೂ ಇರಲಿಲ್ಲ.

ಊಟ ಮುಗಿಸಿ, ನಡಿಗೆಗೆ ಹೊತ್ತಾಯಿತು ಎಂದಳು. ಇಬ್ಬರೂ ಏಳನೆಯ ಮಹಡಿಯ ಲಿಫ್ಟಿನ ಮುಂದೆ ಬಂದಾಗ ಬಾಗಿಲು ತೆರೆದುಕೊಂಡಿತು. ಅವಳು ಒಳಗೆ ನೋಡಿ, ಅವನ ಕಡೆ ಓರೆಗಣ್ಣಿನಿಂದ ನೋಡಿದಳು.

“ಈಗ ಎಷ್ಟಿದೆ?”

“ಎಂಟು ಸೆಕೆಂಡು ಮೇಡಂ. ಈ ವಾರ ಎಂಟರ ಸರದಿ.”

“ಸಾಲಲ್ಲ” ಎಂದು ಅವಳು ಮೆಟ್ಟಿಲಿನ ಕಡೆ ತಿರುಗಿದಳು.

ಏಳು ಮಹಡಿ, ನೂರ ಐವತ್ತನಾಲ್ಕು ಮೆಟ್ಟಿಲು. ಆ ದಿನ ಅವರು ಎಷ್ಟು ನಿಧಾನವಾಗಿ ಇಳಿದರೆಂದರೆ, ಕೆಳಗೆ ಬರುವಷ್ಟರಲ್ಲಿ ನಡಿಗೆಯ ಹೊತ್ತು ಮುಗಿದೇ ಹೋಗಿತ್ತು. ಅವಳು ಎಣಿಸಿರಲಿಲ್ಲ.